ಕಾರ್ಬುರೇಟರ್ ಬಿಚ್ಚುವ ಕೈಗೆ ತಕ್ಕ ಹತಾರಗಳು

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಘೋಷಣೆಯಾದಾಗ ನಮ್ಮ ಮನೆಯ ಯಮಹಾ ಆರ್‌ಎಕ್ಸ್ 100 ಬೈಕನ್ನು ಗೇಟಿನೊಳಗೆ ನಿಲ್ಲಿಸಿ, ಪೆಟ್ರೋಲ್ ಕಾಕ್ ಮುಚ್ಚಿ, ಮೇಲೊಂದು ಹಳೆಯ ಹೊದಿಕೆ ಹಾಕಿದ್ದೆ. ಕಾಕ್ ಮುಚ್ಚಿದರೆ ಸಾಲದು, ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕಳಿಸುವ ಕಾರ್ಬುರೇಟರಿನ ತಳದ ಬಟ್ಟಲಿನಲ್ಲಿ ಉಳಿದ ಪೆಟ್ರೋಲನ್ನೂ ಇಳಿಸಿಬಿಡಬೇಕು ಎಂಬುದು ಆಗ ನನಗೆ ಗೊತ್ತಿರಲಿಲ್ಲ. ಜುಲೈ ತಿಂಗಳಲ್ಲಿ ಕಿಕ್ ಹೊಡೆದಾಗ ಚೋಕ್ ಎಳೆದಿದ್ದಷ್ಟು ಹೊತ್ತು ಮಾತ್ರ ಎಂಜಿನ್ ಓಡಿತು. ಚೋಕ್ ಬಿಟ್ಟ ಕೂಡಲೇ ಉಸಿರುಗಟ್ಟಿದಂತೆ ನಿಂತಿತು. ಗಾಡಿ ನಿಂತಲ್ಲೇ ಎಂಜಿನ್ ಓಡುತ್ತಿರಲು, ಅಂದರೆ ಐಡಲಿಂಗ್‌ಗೆ, ಪೆಟ್ರೋಲ್ ಒದಗಿಸುವ ಪೈಲಟ್ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡಿನ ಕೂದಲೆಳೆಯಂಥ ರಂಧ್ರವು ಒಣಗಿದ ಪೆಟ್ರೋಲಿನ ಅಂಟಿನಿಂದ ಮುಚ್ಚಿಹೋದಾಗ ಕಾಣುವ ಲಕ್ಷಣವೇ ಇದು. ಆ ದಿನಗಳಲ್ಲಿ ಗ್ಯಾರೇಜುಗಳು ಸರಿಯಾಗಿ ತೆರೆದಿರಲಿಲ್ಲ. ಹಾಗಾಗಿ ನಾನೇ ಬಿಚ್ಚಲು ಕುಳಿತೆ.

ಬಟ್ಟಲನ್ನು ಕಚ್ಚಿ ಹಿಡಿದಿರುವುದು ನಾಲ್ಕು ಸಣ್ಣ ಸ್ಕ್ರೂಗಳು. ಸ್ವಿಚ್ ಬೋರ್ಡಿನಿಂದ ಹಿಡಿದು ಬಾಗಿಲ ಚಿಲಕದವರೆಗೆ ಮನೆಯಲ್ಲಿ ಎಲ್ಲದಕ್ಕೂ ಬಳಸುತ್ತಿದ್ದ ಸ್ಟಾರ್ ಸ್ಕ್ರೂಡ್ರೈವರ್ ಮೂರನ್ನು ಹೇಗೋ ಬಿಚ್ಚಿತು. ನಾಲ್ಕನೆಯದಕ್ಕೆ ಹಾಕಿ ತಿರುಗಿಸಿದಾಗ ತುದಿ ಮೇಲೆದ್ದು ಜಾರಿತು. ಇನ್ನಷ್ಟು ಒತ್ತಿ ತಿರುಗಿಸಿದೆ, ಮತ್ತೆ ಜಾರಿತು. ಮೂರನೇ ಸಲಕ್ಕೆ ಸ್ಕ್ರೂ ತಲೆಯ ಮೇಲಿದ್ದ ಅಡ್ಡಗೀಟುಗಳ ಅಂಚು ಸವೆದು ಒಂದು ದುಂಡನೆಯ ಗುಳಿ ಉಳಿಯಿತು, ಅಕ್ಕಪಕ್ಕದಲ್ಲಿ ಹೊಳೆಯುವ ಲೋಹದ ಪುಡಿ ಬಿದ್ದಿತ್ತು. ಹತ್ತಿರದಿಂದ ನೋಡಿದಾಗ ಅದೇ ಬಟ್ಟಲಿನ ಮತ್ತೊಂದು ಸ್ಕ್ರೂವಿನ ತಲೆಯ ಅಂಚಿನಲ್ಲಿ ಉಳಿ ಇಟ್ಟು ಸುತ್ತಿಗೆಯಿಂದ ಹೊಡೆದ ಎರಡು ಕಚ್ಚುಗಳು ಕಂಡವು. ಹಿಂದೊಮ್ಮೆ ಸರ್ವಿಸ್‌ಗೆ ಕೊಟ್ಟಿದ್ದ ಗ್ಯಾರೇಜಿನಲ್ಲಿ ಯಾರೋ ಇದೇ ಕಷ್ಟಕ್ಕೆ ಸಿಲುಕಿ ಆ ದಾರಿ ಹಿಡಿದಿದ್ದರು.

ಆ ದಿನದಿಂದ ಇಂದಿನವರೆಗೆ ಈ ಒಂದು ಕೆಲಸಕ್ಕೆ ಬೇಕಾದ ಹತಾರಗಳನ್ನು ಒಂದೊಂದಾಗಿ ಕೂಡಿಸಿಕೊಂಡು ಬಂದಿದ್ದೇನೆ. ನನ್ನ ಮತ್ತು ಸ್ನೇಹಿತರ ಹಲವು ಕಾರ್ಬುರೇಟರುಗಳನ್ನು ಬಿಚ್ಚಿ ಜೋಡಿಸಿದ ಮೇಲೆ ನನಗೆ ಖಚಿತವಾಗಿರುವುದೇನೆಂದರೆ, ಹಳೆಯ ಕಾರ್ಬುರೇಟರುಗಳಿಗೆ ದೂಳಿನಿಂದ, ನೀರಿನಿಂದ ಆದ ಹಾನಿಗಿಂತ ಅಳತೆಗೆ ಹೊಂದದ ಹತಾರ ಹಿಡಿದ ಕೈಯಿಂದ ಆದ ಹಾನಿಯೇ ಹೆಚ್ಚು. ಕಾರ್ಬುರೇಟರಿನ ಮೈ ಸತು ಅಥವಾ ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಒಳಗಿನ ಜೆಟ್‌ಗಳು ಹಿತ್ತಾಳೆ. ಎರಡೂ ಉಕ್ಕಿನ ಮುಂದೆ ಮೆದು. ಕೈಯಲ್ಲಿರುವ ಉಕ್ಕು ಅಳತೆಗೆ ಸರಿಯಾಗಿ ಕೂರದಿದ್ದರೆ ಪೆಟ್ಟು ತಿನ್ನುವುದು ಯಾವಾಗಲೂ ಕಾರ್ಬುರೇಟರೇ.

ನಾವೆಲ್ಲರೂ ‘ಸ್ಟಾರ್’ ಎಂದು ಕರೆಯುವ ಸ್ಕ್ರೂ ತಲೆ ಒಂದೇ ಬಗೆಯದಲ್ಲ. ಅಮೆರಿಕದ ಹೆನ್ರಿ ಫಿಲಿಪ್ಸ್ ಅವರ ಹೆಸರಿನಲ್ಲಿ 1936ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಫಿಲಿಪ್ಸ್. ಅಂಗಡಿಯಲ್ಲಿ ಸ್ಟಾರ್ ಎಂದು ಕೇಳಿದರೆ ಸಿಗುವುದು ಬಹುಮಟ್ಟಿಗೆ ಇದೇ. ಜಪಾನಿನವರು ತಮ್ಮ ಕೈಗಾರಿಕಾ ಮಾನಕದಡಿ ರೂಪಿಸಿಕೊಂಡ ತಲೆ, ಅಂದರೆ ಜೆಐಎಸ್, ನೋಡಲು ಅದರ ಅವಳಿಯಂತಿದ್ದರೂ ಒಳಗಿನ ಗುಳಿಯ ಆಳ ಮತ್ತು ಮೂಲೆಗಳ ತಿರುವು ಬೇರೆ. ಫಿಲಿಪ್ಸ್ ತುದಿಯನ್ನು ಜೆಐಎಸ್ ಗುಳಿಗೆ ಇಟ್ಟಾಗ ಅದರ ಮೂತಿ ಮೊದಲು ತಳವನ್ನು ಮುಟ್ಟಿಬಿಡುತ್ತದೆ, ರೆಕ್ಕೆಗಳು ಗೋಡೆಗಳನ್ನು ಪೂರ್ತಿ ಹಿಡಿಯುವುದಿಲ್ಲ. ಬಲ ಹಾಕಿ ತಿರುಗಿಸಿದಾಗ ಇಳಿಜಾರಾದ ಗೋಡೆಗಳು ತುದಿಯನ್ನು ಮೇಲಕ್ಕೆ ತಳ್ಳುತ್ತವೆ. ಅಂದು ನನ್ನ ಕೈಯಲ್ಲಿ ನಡೆದದ್ದು ಅದೇ. ಜೆಐಎಸ್ ತುದಿಯಾದರೋ ತನ್ನ ಗುಳಿಯಲ್ಲಿ ಬೇರು ಬಿಟ್ಟಂತೆ ಕೂರುತ್ತದೆ ಮತ್ತು ಫಿಲಿಪ್ಸ್ ತಲೆಗೂ ಸಾಕಷ್ಟು ಚೆನ್ನಾಗಿ ಹೊಂದುತ್ತದೆ. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಜೆಐಎಸ್ ಕೊಳ್ಳಿ ಎಂದು ಹೇಳುವುದಕ್ಕೆ ಇದೇ ಕಾರಣ.

ನಮ್ಮ ದೇಶದ ಬೈಕುಗಳಿಗೂ ಜಪಾನಿನ ಸ್ಕ್ರೂಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಆರ್‌ಎಕ್ಸ್ 100 ನಮ್ಮಲ್ಲಿ 1985ರಿಂದ 1996ರವರೆಗೆ ತಯಾರಾಯಿತು. ಅದರ ಕಾರ್ಬುರೇಟರ್ ಜಪಾನಿನ ಮಿಕುನಿ ಕಂಪನಿಯ ವಿನ್ಯಾಸದ್ದು. ಚೆನ್ನೈನ ಯುಕಾಲ್ ಸಂಸ್ಥೆ ಮಿಕುನಿಯ ತಾಂತ್ರಿಕ ಸಹಯೋಗದಲ್ಲಿ ಇಂಥ ಕಾರ್ಬುರೇಟರುಗಳನ್ನು ಇಲ್ಲಿಯೇ ತಯಾರಿಸುತ್ತಿತ್ತು. ಹೀರೋ ಹೋಂಡಾ ಬೈಕುಗಳಲ್ಲಿ ಕಂಡುಬರುವ ಕೆಯ್ಹಿನ್ ಕಾರ್ಬುರೇಟರ್ ಕೂಡ ಜಪಾನಿನದೇ. ಅಸಲಿ ಜೆಐಎಸ್ ಸ್ಕ್ರೂವಿನ ತಲೆಯ ಮೇಲೆ ಅಡ್ಡಗೀಟುಗಳ ನಡುವೆ ಒಂದು ಪುಟ್ಟ ಚುಕ್ಕಿ ಇರುವುದುಂಟು. ಆದರೆ ಮೂವತ್ತು ವರ್ಷಗಳಲ್ಲಿ ಹತ್ತು ಕೈ ದಾಟಿದ ಗಾಡಿಯಲ್ಲಿ ಚುಕ್ಕಿಯನ್ನು ನಂಬಿ ಕೂರುವಂತಿಲ್ಲ. ಒಂದು ಮೂಲೆಯಲ್ಲಿ ಅಸಲಿ, ಪಕ್ಕದಲ್ಲಿ ಯಾರೋ ಹಾಕಿದ ಫಿಲಿಪ್ಸ್, ಅದರಾಚೆ ಗೀಟು ಮತ್ತು ಸ್ಟಾರ್ ಎರಡೂ ಇರುವ ಮಿಶ್ರ ತಲೆ, ಹೀಗೆ ನಾಲ್ಕು ಸ್ಕ್ರೂಗಳಲ್ಲಿ ಮೂರು ಜಾತಿ ಸಿಕ್ಕಿದ್ದನ್ನು ಕಂಡಿದ್ದೇನೆ.

ಹಾಗಾಗಿ ನಾನು ಅನುಸರಿಸುವ ಕ್ರಮ ಇಷ್ಟೇ: ಹತಾರದ ಹೆಸರನ್ನು ಬರೆದುಕೊಂಡು ಅಂಗಡಿಗೆ ಹೋಗುವುದಿಲ್ಲ, ಬಿಚ್ಚಿದ ಸ್ಕ್ರೂವನ್ನೇ ಕಾಗದದಲ್ಲಿ ಮಡಚಿ ಜೇಬಿನಲ್ಲಿಟ್ಟುಕೊಂಡು ಹೋಗುತ್ತೇನೆ.

ಬೆಂಗಳೂರಿನಲ್ಲಿ ಇದಕ್ಕೆ ಹೋಗಬೇಕಾದದ್ದು ಎಸ್‌ಜೆಪಿ ರಸ್ತೆಗೆ. ಎಲೆಕ್ಟ್ರಾನಿಕ್ ಸಾಮಾನಿನ ಎಸ್‌ಪಿ ರಸ್ತೆ, ಅಂದರೆ ಸಾದರ ಪತ್ರಪ್ಪ ರಸ್ತೆ, ಬೇರೆ. ಸಿಲ್ವರ್ ಜ್ಯೂಬಿಲಿ ಪಾರ್ಕ್ ರಸ್ತೆಯಾದ ಎಸ್‌ಜೆಪಿ ಬೇರೆ. ಎರಡೂ ಕೂಗಳತೆಯಲ್ಲಿದ್ದು ಹೊಸಬರಿಗೆ ಗೊಂದಲವಾಗುವುದು ಸಹಜ. ಬೈಕಿನ ಬಿಡಿಭಾಗಗಳಿಗೆ, ಎಂದರೆ ಗ್ಯಾಸ್ಕೆಟ್, ಫ್ಲೋಟ್ ವಾಲ್ವ್, ಜೆಟ್‌ಗಳಿಗೆ, ಟೌನ್‌ಹಾಲಿನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಜೆ.ಸಿ. ರಸ್ತೆಯೇ ಸರಿ. ಕೈಹತಾರಗಳಿಗೆ ಎಸ್‌ಜೆಪಿ ರಸ್ತೆ. ಅಲ್ಲಿನ ಅಂಗಡಿಗಳ ಮುಂಭಾಗ ಕಿರಿದಾಗಿದ್ದರೂ ಒಳಗೆ ಹೋದಷ್ಟೂ ಆಳ. ಗೋಡೆಯುದ್ದಕ್ಕೂ ಮರದ ಖಾನೆಗಳು, ಪ್ರತಿ ಖಾನೆಯ ಬಾಯಿಗೆ ಒಂದೊಂದು ಮಾದರಿಯನ್ನು ತಂತಿಯಲ್ಲಿ ಕಟ್ಟಿರುತ್ತಾರೆ.

ನಾನು ಮೊದಲು ಹೊಕ್ಕ ಅಂಗಡಿಯ ಹುಡುಗನಿಗೆ ನನ್ನ ಬೇಡಿಕೆ ವಿಚಿತ್ರವಾಗಿ ಕಂಡಿತು. “ಸ್ಟಾರ್ ತಾನೇ ಸಾರ್, ಎಲ್ಲಾ ಒಂದೇ. ದೊಡ್ಡದು ಬೇಕಾ, ಚಿಕ್ಕದು ಬೇಕಾ ಹೇಳಿ” ಎಂದ. ಜೇಬಿನಿಂದ ಸ್ಕ್ರೂ ತೆಗೆದು ತೋರಿಸಿದೆ. ಒಳಗೆ ಲೆಕ್ಕದ ಪುಸ್ತಕ ನೋಡುತ್ತಿದ್ದ ಹಿರಿಯರು ಕನ್ನಡಕ ಏರಿಸಿಕೊಂಡು ಬಂದು, ಅದನ್ನು ಬೆರಳತುದಿಯಲ್ಲಿ ಹೊರಳಿಸಿ ನೋಡಿ, “ಇದು ಜಪಾನಿ ತಲೆ ಕಣೋ, ಆ ಕೆಂಪು ಪಾಕೀಟು ತಗೊಂಡು ಬಾ” ಎಂದರು. ಆಮೇಲೆ ಅವರು ಮಾಡಿ ತೋರಿಸಿದ ಪರೀಕ್ಷೆಯನ್ನು ನಾನು ಇಂದಿಗೂ ಬಿಟ್ಟಿಲ್ಲ. ಸ್ಕ್ರೂವನ್ನು ಡ್ರೈವರಿನ ತುದಿಗೆ ಸಿಕ್ಕಿಸಿ, ಡ್ರೈವರನ್ನು ನೆಲಕ್ಕೆ ಸಮಾನಾಂತರವಾಗಿ ಅಡ್ಡ ಹಿಡಿದರು. ಸ್ಕ್ರೂ ಬೀಳಲಿಲ್ಲ. ಅದೇ ಸ್ಕ್ರೂವನ್ನು ಸಾಧಾರಣ ಸ್ಟಾರ್ ಡ್ರೈವರಿಗೆ ಸಿಕ್ಕಿಸಿದರೆ ಅಡ್ಡ ಮಾಡುವ ಮುಂಚೆಯೇ ತಲೆ ವಾಲಿಸಿ ಉದುರಿತು. “ತುದಿಗೆ ಅಯಸ್ಕಾಂತ ಇದ್ರೆ ಈ ಲೆಕ್ಕ ನಂಬಬೇಡಿ ಸಾರ್, ಅದು ಹೆಂಗಿದ್ರೂ ಹಿಡ್ಕೊಳ್ಳುತ್ತೆ” ಎಂದು ಅವರು ಸೇರಿಸಿದ ಮಾತು ಬಹಳ ಮುಖ್ಯವಾದದ್ದು. ಈಗ ಮಾರುಕಟ್ಟೆಯಲ್ಲಿರುವ ಡ್ರೈವರುಗಳಲ್ಲಿ ಅಯಸ್ಕಾಂತದ ತುದಿಯವೇ ಹೆಚ್ಚಾಗಿರುವುದರಿಂದ, ಅಂಥದ್ದನ್ನು ಸ್ಕ್ರೂವಿನಲ್ಲಿ ಇಟ್ಟು ಬೆರಳಿನಿಂದ ಎಡಬಲಕ್ಕೆ ಅಲ್ಲಾಡಿಸಿ ನೋಡಬೇಕು. ಕದಲಿಕೆ ಇದ್ದರೆ ಅದು ಹೊಂದುವುದಿಲ್ಲ.

ಅಂದು ಕೊಂಡದ್ದು ಒಸಾಕಾದ ವೆಸೆಲ್ ಕಂಪನಿಯ ಎರಡು ಡ್ರೈವರುಗಳು: 2ನೇ ನಂಬರಿನದು ಮತ್ತು 1ನೇ ನಂಬರಿನದು. ಬೆಲೆ ಮನೆಯ ಸ್ಟಾರ್ ಡ್ರೈವರಿನ ಹಲವು ಪಟ್ಟು. ಬಟ್ಟಲು ಮತ್ತು ಮೇಲ್ಮುಚ್ಚಳದ 4 ಮತ್ತು 5 ಮಿಲಿಮೀಟರ್ ಸ್ಕ್ರೂಗಳಿಗೆ 2ನೇ ನಂಬರ್ ಸಾಕು. 1ನೆಯದು ಅಪರೂಪಕ್ಕೆ, ಚೋಕ್ ತಟ್ಟೆಯಂಥ ತೀರ ಸಣ್ಣ ಸ್ಕ್ರೂಗಳಿಗೆ ಬೇಕಾಗುತ್ತದೆ. ಹಿಡಿ ದಪ್ಪಗಿರಲಿ. ಕೆಳಮುಖವಾಗಿ ಒತ್ತುವ ಬಲ ಅಂಗೈಯಿಂದ ಬರಬೇಕು, ತಿರುಗಿಸುವ ಬಲ ಬೆರಳುಗಳಿಂದ. ಬಿಗಿಯಾದ ಸ್ಕ್ರೂ ಬಿಚ್ಚುವಾಗ ಮೊದಲನೆಯದೇ ಹೆಚ್ಚಿರಬೇಕು.

ಹಾಳಾದ ಆ ನಾಲ್ಕನೇ ಸ್ಕ್ರೂವಿನ ಕಥೆಯನ್ನೂ ಹೇಳಿಬಿಡುತ್ತೇನೆ. ಸುತ್ತಿಗೆಯಿಂದ ಹೊಡೆದರೆ ತುದಿ ತಾನಾಗಿ ತಿರುಗುವ ಇಂಪ್ಯಾಕ್ಟ್ ಡ್ರೈವರ್ ತನ್ನಿ ಎಂದು ಹಲವರು ಸಲಹೆ ಕೊಟ್ಟರು. ಎಂಜಿನ್ ಪಕ್ಕದ ಕವರಿನ ಸ್ಕ್ರೂಗಳಿಗೆ ಅದು ಉತ್ತಮ ಹತಾರ. ಆದರೆ ಮೇಜಿನ ಮೇಲೆ ಕುಳಿತ ಕಾರ್ಬುರೇಟರಿಗೆ ಆ ಪೆಟ್ಟು ಕೊಡಲು ನಾನು ಒಪ್ಪುವುದಿಲ್ಲ. ಎರಕದ ಮೈ ಬಿರುಕು ಬಿಟ್ಟರೆ ಮುಂದೆ ದಾರಿಯಿಲ್ಲ. ತುಕ್ಕು ಬಿಡಿಸುವ ಎಣ್ಣೆಯನ್ನು ಸ್ಕ್ರೂವಿನ ಬುಡಕ್ಕೆ ಬಿಟ್ಟು ರಾತ್ರಿಯಿಡೀ ಇಟ್ಟೆ. ಬೆಳಿಗ್ಗೆ ಗುಮ್ಮಟದಂತಿದ್ದ ತಲೆಯ ಹೊರ ಅಂಚನ್ನು ಕಚ್ಚಿದ ಹಿಡಿತ ಬಿಡದ ಸಣ್ಣ ಇಕ್ಕಳದಿಂದ, ಅಂದರೆ ವೈಸ್ ಗ್ರಿಪ್‌ನಿಂದ, ಕಚ್ಚಿಸಿ, ಮೊದಲು ಕೂದಲೆಳೆಯಷ್ಟು ಬಿಗಿಯುವ ಕಡೆಗೆ, ಆಮೇಲೆ ಬಿಚ್ಚುವ ಕಡೆಗೆ ತಿರುಗಿಸಿದಾಗ ಒಂದು ಸಣ್ಣ ‘ಟಕ್’ ಸದ್ದಿನೊಂದಿಗೆ ಸಡಿಲಾಯಿತು. ಅದರ ಜಾಗಕ್ಕೆ ತಲೆಯಲ್ಲಿ ಆರು ಮೂಲೆಯ ಗುಳಿ ಇರುವ ಆಲೆನ್ ಸ್ಕ್ರೂ ಹಾಕುವವರು ಬಹಳ ಮಂದಿ. ಬಿಚ್ಚಲು ಸುಲಭವೆಂಬುದು ನಿಜ, ಆದರೆ ಉದ್ದನೆಯ ಆಲೆನ್ ಕೀ ಹಿಡಿದ ಕೈಗೆ ಎಷ್ಟು ಬಿಗಿಯಾಯಿತು ಎಂಬುದು ತಿಳಿಯುವುದಿಲ್ಲ, ಮೆದು ಲೋಹದ ಒಳಗಿನ ಮರೆ, ಅಂದರೆ ಸ್ಕ್ರೂ ಕಚ್ಚುವ ಸುರುಳಿ ಗೆರೆ, ಕಿತ್ತುಬರುತ್ತದೆ. ನಾನು ಜೆ.ಸಿ. ರಸ್ತೆಯಿಂದ ಮೊದಲಿದ್ದ ಬಗೆಯದನ್ನೇ ತಂದು ಹಾಕಿದೆ.

ಇನ್ನು ಚಪ್ಪಟೆ ತುದಿಯ ಡ್ರೈವರ್. ಇದಕ್ಕೂ ಅಷ್ಟು ಯೋಚನೆ ಬೇಕೇ ಎಂದು ಅನ್ನಿಸಬಹುದು, ಆದರೆ ಕಾರ್ಬುರೇಟರಿನ ಹೃದಯಭಾಗದಲ್ಲಿ ಕೆಲಸ ಮಾಡುವುದು ಇದೇ. ಸಾಮಾನ್ಯ ಚಪ್ಪಟೆ ಡ್ರೈವರಿನ ತುದಿಯನ್ನು ಪಕ್ಕದಿಂದ ನೋಡಿದರೆ ಅದು ಬೆಣೆಯಂತೆ ಕೆಳಗೆ ತೆಳುವಾಗಿ ಮೇಲೆ ದಪ್ಪವಾಗಿರುತ್ತದೆ. ಜೆಟ್‌ನ ಗೀಟಿನ ಗೋಡೆಗಳಾದರೋ ನೆಟ್ಟಗಿರುತ್ತವೆ. ಬೆಣೆ ಗೀಟಿನ ಬಾಯಂಚನ್ನು ಮಾತ್ರ ಮುಟ್ಟುತ್ತದೆ. ತಿರುಗಿಸಿದಾಗ ಮೇಲೇರಿ ಬಂದು ಹಿತ್ತಾಳೆಯ ಅಂಚನ್ನು ಹರಿದುಹಾಕುತ್ತದೆ. ಬೇಕಾದದ್ದು ಎರಡೂ ಮೈ ಸಮಾನಾಂತರವಾಗಿರುವ, ಗೀಟಿನ ದಪ್ಪಕ್ಕೂ ಅಗಲಕ್ಕೂ ಸರಿಹೊಂದುವ ತುದಿ. ಪೈಲಟ್ ಜೆಟ್ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅದು ಬಾವಿಯಂಥ ಕಿರಿದಾದ ಕೊಳವೆಯ ತಳದಲ್ಲಿ ಕುಳಿತಿರುವುದರಿಂದ ಡ್ರೈವರಿನ ತುದಿಯಷ್ಟೇ ಅಲ್ಲ, ಅದರ ಕಡ್ಡಿಯೂ ಕೊಳವೆಯೊಳಗೆ ಇಳಿಯುವಷ್ಟು ಸಪೂರವಾಗಿರಬೇಕು. ತುದಿ ಅಗಲವಾಗಿ ಹರಡಿದ್ದರೆ ಕೊಳವೆಯ ಗೋಡೆಯನ್ನು ಗೀರುತ್ತದೆ. ತೀರ ಕಿರಿದಾಗಿದ್ದರೆ ಗೀಟಿನ ನಡುಭಾಗವನ್ನಷ್ಟೇ ಹಿಡಿದು ಜೆಟ್ಟನ್ನೇ ಸೀಳುತ್ತದೆ.

ಇಂಥದ್ದು ಅಂಗಡಿಯಲ್ಲಿ ನನಗೆ ಸಿದ್ಧವಾಗಿ ಸಿಗಲಿಲ್ಲ. ನಮ್ಮ ಬೀದಿಯಲ್ಲಿ ಎಚ್ಎಂಟಿ ಕಾರ್ಖಾನೆಯ ಟೂಲ್‌ರೂಮಿನಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರ ಮನೆಯ ಹಿತ್ತಿಲಿನಲ್ಲಿ ಒಂದು ಸಣ್ಣ ಬೆಂಚ್ ಗ್ರೈಂಡರ್ ಇದೆ. ಒಳ್ಳೆಯ ಉಕ್ಕಿನ ಒಂದು ಉದ್ದನೆಯ ಡ್ರೈವರನ್ನೂ ಹಳೆಯ ಜೆಟ್ಟನ್ನೂ ಹಿಡಿದು ಅವರ ಬಳಿಗೆ ಹೋದೆ. “ಅಂಕಲ್, ಇದರ ಗೀಟಿಗೆ ಕೂರೋ ಹಾಗೆ ಉಜ್ಜಿಕೊಡ್ತೀರಾ?” ಎಂದಾಗ ಅವರು ಜೆಟ್ಟನ್ನು ಬೆಳಕಿಗೆ ಹಿಡಿದು ನೋಡಿ, “ಉಜ್ಜೋದೇನೋ ಉಜ್ಜೋಣಪ್ಪಾ, ಮೊದಲು ಒಂದು ಲೋಟ ನೀರು ತಂದಿಡು” ಎಂದರು. ಒಂದು ಮೈಯನ್ನು ಕಲ್ಲಿಗೆ ಒಂದೇ ಕ್ಷಣ ಮುಟ್ಟಿಸುವರು, ನೀರಿಗೆ ಅದ್ದುವರು, ಒರೆಸಿ ಜೆಟ್‌ನಲ್ಲಿ ಇಟ್ಟು ನೋಡುವರು, ಮತ್ತೆ ಇನ್ನೊಂದು ಮೈ. ತುದಿ ಬಿಸಿಯಾಗಿ ನೀಲಿ ಬಣ್ಣಕ್ಕೆ ತಿರುಗಿದರೆ ಉಕ್ಕಿನ ಹದ ಹೋಗುತ್ತದೆ, ಆಮೇಲೆ ಅದು ಮೊದಲ ಬಳಕೆಯಲ್ಲೇ ಮುರುಟಿಕೊಳ್ಳುತ್ತದೆ ಎಂದು ವಿವರಿಸಿದರು. ಮುಕ್ಕಾಲು ಗಂಟೆ ಹಿಡಿದ ಕೆಲಸ ಅದು. ಕೊನೆಯಲ್ಲಿ ಜೆಟ್ಟನ್ನು ತುದಿಗೆ ಸಿಕ್ಕಿಸಿ ತಲೆಕೆಳಗು ಮಾಡಿದರೂ ಬೀಳಲಿಲ್ಲ. ಹಿತ್ತಾಳೆಗೆ ಅಯಸ್ಕಾಂತ ತಾಗದು, ಆದ್ದರಿಂದ ಆ ಹಿಡಿತ ಪೂರ್ತಿಯಾಗಿ ಅಳತೆಯ ಹಿಡಿತ. ನನ್ನ ಹತಾರದ ಪೆಟ್ಟಿಗೆಯಲ್ಲಿ ನಾನು ಅತಿ ಹೆಚ್ಚು ಜೋಪಾನ ಮಾಡುವುದು ಇದನ್ನೇ. ಬೇರಾವ ಕೆಲಸಕ್ಕೂ ಯಾರಿಗೂ ಕೊಡುವುದಿಲ್ಲ.

ಬಟ್ಟಲಿನ ಪೆಟ್ರೋಲಿನ ಮೇಲೆ ತೇಲುತ್ತ ಅದರ ಮಟ್ಟ ಕಾಯುವ ಫ್ಲೋಟ್ ತೆಗೆಯುವ ಕೆಲಸಕ್ಕೂ ಅವರೇ ದಾರಿ ತೋರಿದರು. ಫ್ಲೋಟನ್ನು ಹಿಡಿದಿರುವ ಪಿನ್ ಎರಡು ಪುಟ್ಟ ಕಂಬಗಳ ನಡುವೆ ಹಾದುಹೋಗುತ್ತದೆ. ಹಲವು ಕಾರ್ಬುರೇಟರುಗಳಲ್ಲಿ ಒಂದು ಕಂಬದಲ್ಲಿ ಪಿನ್ ಬಿಗಿಯಾಗಿಯೂ ಇನ್ನೊಂದರಲ್ಲಿ ಸಡಿಲವಾಗಿಯೂ ಇರುವುದರಿಂದ ಅದನ್ನು ಒಂದೇ ದಿಕ್ಕಿನಲ್ಲಿ ಹೊರಡಿಸಬೇಕು. ಯಾವ ದಿಕ್ಕೆಂದು ನೋಡದೆ ಮೊಳೆ ಇಟ್ಟು ಹೊಡೆದರೆ ಕಂಬವೇ ಮುರಿಯುತ್ತದೆ. ಒಮ್ಮೆ ಮುರಿದರೆ ಇಡೀ ಕಾರ್ಬುರೇಟರ್ ಮೂಲೆಗೆ. ಇದಕ್ಕೆ ಬೇಕಾದದ್ದು ಪಿನ್ನಿಗಿಂತ ತುಸು ಸಪೂರವಾದ, ತುದಿ ಚಪ್ಪಟೆಯಾಗಿರುವ ಒಂದು ಪಿನ್ ಪಂಚ್ ಮತ್ತು ತೀರ ಹಗುರವಾದ ಸುತ್ತಿಗೆ. ಜೊತೆಗೆ ಪೆಟ್ಟು ಬೀಳುವ ಕಂಬದ ಹಿಂದೆ ಆಸರೆಯಾಗಿ ಒಂದು ಮರದ ತುಂಡು. ಆ ಮರದ ತುಂಡನ್ನು ಯಾವ ಅಂಗಡಿಯವರೂ ಮಾರುವುದಿಲ್ಲ, ಯಾವ ಟೂಲ್ ಕಿಟ್ಟಿನಲ್ಲೂ ಇರುವುದಿಲ್ಲ. ನನ್ನದು ಹಳೆಯ ಕಿಟಕಿ ಚೌಕಟ್ಟಿನಿಂದ ಕೊಯ್ದ ಹೊನ್ನೆ ಮರದ ಚೂರು. ನಾನು ನೋಡಿದ ಕಾರ್ಬುರೇಟರುಗಳಲ್ಲಿ ಎರಡರ ಕಂಬವನ್ನು ಅಂಟು ಹಾಕಿ ನಿಲ್ಲಿಸಿದ್ದರು. ಎರಡೂ ಪೆಟ್ರೋಲ್ ಸುರಿಸುತ್ತಿದ್ದವು.

ಸ್ಪ್ಯಾನರುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. 8 ಮತ್ತು 10 ಮಿಲಿಮೀಟರ್ ರಿಂಗ್ ಸ್ಪ್ಯಾನರ್, ಅದೇ ಅಳತೆಯ ಟಿ ಸ್ಪ್ಯಾನರ್ ಇದ್ದರೆ ಕಾರ್ಬುರೇಟರನ್ನು ಗಾಡಿಯಿಂದ ಇಳಿಸಲು ಬಹುತೇಕ ಸಾಕಾಗುತ್ತದೆ, ಇದಕ್ಕೆ ನಮ್ಮ ದೇಶದ ತಪಾರಿಯಾ ಧಾರಾಳವಾಗಿ ಆಗುತ್ತದೆ. ಹಳೆಯ ಬುಲೆಟ್ ಇರುವವರು ಮಾತ್ರ ಎಚ್ಚರದಿಂದಿರಬೇಕು. ಅವುಗಳಲ್ಲಿ ಬ್ರಿಟಿಷ್ ಅಳತೆಯ ನಟ್ಟುಗಳು ಉಳಿದಿರುತ್ತವೆ, ಮಿಲಿಮೀಟರ್ ಸ್ಪ್ಯಾನರ್ ಹಾಕಿದರೆ ಮೂಲೆಗಳು ದುಂಡಾಗುತ್ತವೆ. ಆರು ಮೂಲೆಯ ಜೆಟ್‌ಗಳಿಗೆ ಇಕ್ಕಳ ಹಾಕುವುದನ್ನು ದಯವಿಟ್ಟು ಬಿಡಿ, ಅಳತೆಯ ಬಾಕ್ಸ್ ಸ್ಪ್ಯಾನರನ್ನು ಬೆರಳಲ್ಲೇ ತಿರುಗಿಸಿದರೆ ಸಾಕು.

ಜೆಟ್ ಹೊರಬಂದ ಮೇಲೆ ಅದನ್ನು ಶುಚಿ ಮಾಡಲು ಏನು ಬಳಸಬೇಕು ಎಂಬಲ್ಲಿ ನನಗೆ ಅತಿ ಗಟ್ಟಿಯಾದ ಅಭಿಪ್ರಾಯವಿದೆ. ಗುಂಡುಪಿನ್, ಕೇಬಲ್ಲಿನ ಎಳೆ, ಹೊಲಿಗೆ ಸೂಜಿ ಇವುಗಳನ್ನು ರಂಧ್ರಕ್ಕೆ ತೂರಿಸುವ ಅಭ್ಯಾಸ ಎಲ್ಲ ಕಡೆಯೂ ಇದೆ, ಮತ್ತು ಅದು ತಪ್ಪು. ಕೆಯ್ಹಿನ್ ಜೆಟ್ ಮೇಲೆ ಕೊರೆದಿರುವ ಸಂಖ್ಯೆ ಅದರ ರಂಧ್ರದ ವ್ಯಾಸವನ್ನು ಮಿಲಿಮೀಟರಿನ ನೂರನೇ ಭಾಗಗಳಲ್ಲಿ ಹೇಳುತ್ತದೆ. 100 ಎಂದಿದ್ದರೆ ಸರಿಯಾಗಿ 1 ಮಿಲಿಮೀಟರ್. ಮಿಕುನಿಯ ಆರು ಮೂಲೆಯ ಮೇನ್ ಜೆಟ್‌ಗಳಲ್ಲಾದರೆ ಸಂಖ್ಯೆ ಸೂಚಿಸುವುದು ನಿಮಿಷಕ್ಕೆ ಹರಿಯುವ ದ್ರವದ ಪ್ರಮಾಣವನ್ನು, ಸಿಸಿ ಲೆಕ್ಕದಲ್ಲಿ. ಉಕ್ಕಿನ ಸೂಜಿ ಹಿತ್ತಾಳೆಯ ರಂಧ್ರವನ್ನು ನೂರರಲ್ಲಿ ಐದು ಭಾಗದಷ್ಟು ಹಿಗ್ಗಿಸಿದರೂ ಕೆಯ್ಹಿನ್ ಜೆಟ್ ಐದು ನಂಬರು ದೊಡ್ಡದಾದಂತೆ. ಮೇಲೆ 100 ಎಂದೇ ಬರೆದಿರುತ್ತದೆ, ಒಳಗೆ ಮಾತ್ರ ಅದು 105. ಮೈಲೇಜ್ ಬರುತ್ತಿಲ್ಲ, ಪ್ಲಗ್ ಕಪ್ಪಾಗುತ್ತಿದೆ ಎಂದು ಆಮೇಲೆ ವರ್ಷಗಟ್ಟಲೆ ಬೇರೆಲ್ಲ ಕಡೆ ಹುಡುಕುತ್ತೇವೆ.

ನಾನು ಜೆಟ್ಟನ್ನು ಕಾರ್ಬುರೇಟರ್ ಕ್ಲೀನರಿನಲ್ಲಿ ನೆನೆಸಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಕಿತ್ತ ಒಂದು ನೈಲಾನ್ ಎಳೆಯನ್ನು ರಂಧ್ರದಲ್ಲಿ ಆಡಿಸಿ, ಕೊನೆಗೆ ಗಾಳಿಯಿಂದ ಊದಿಸುತ್ತೇನೆ. ಗಾಳಿಗೆ ಕಂಪ್ರೆಸರ್ ಕೊಳ್ಳಬೇಕಾಗಿಲ್ಲ. ನಮ್ಮ ತಿರುವಿನ ಪಂಕ್ಚರ್ ಅಂಗಡಿಯವರಿಗೆ “ಅಣ್ಣಾ, ಸ್ವಲ್ಪ ಗಾಳಿ ಹೊಡೀಬೇಕು” ಎಂದರೆ ಪೈಪನ್ನೇ ಕೈಗೆ ಕೊಡುತ್ತಾರೆ. ಕನ್ನಡಕ ಹಾಕಿಕೊಂಡಿರಬೇಕು, ಒಳಗಿನ ಒಂದು ಕೊಳವೆಗೆ ಊದಿದ ಕ್ಲೀನರ್ ಇನ್ನೊಂದು ರಂಧ್ರದಿಂದ ನೇರ ಕಣ್ಣಿಗೇ ಬರುತ್ತದೆ. ಕ್ಲೀನರ್ ಹಾಕುವ ಮುನ್ನ ರಬ್ಬರಿನ ಓ ರಿಂಗ್‌ಗಳನ್ನೆಲ್ಲ ತೆಗೆದಿಡಬೇಕು, ಇಲ್ಲವಾದರೆ ಊದಿಕೊಂಡು ಮತ್ತೆ ತಮ್ಮ ಜಾಗಕ್ಕೆ ಕೂರುವುದಿಲ್ಲ.

ಮೇಲೆ ಕೆಳಗೆ ಸರಿದು ಪೆಟ್ರೋಲಿನ ಪ್ರಮಾಣ ಹೊಂದಿಸುವ ಜೆಟ್‌ನ ಸೂಜಿಗೆ ಇರುವ ಕ್ಲಿಪ್ ಬಗ್ಗೆ ಒಂದು ಮಾತು. ಗಸಗಸೆಗಿಂತ ತುಸು ದೊಡ್ಡದೆನ್ನಬಹುದಾದ ಆ ಕ್ಲಿಪ್ ತೆಗೆಯುವಾಗ ಚಿಮ್ಮಿ ಹಾರುತ್ತದೆ. ಸೂಜಿ, ಚಿಮುಟ ಮತ್ತು ಎರಡೂ ಕೈಗಳನ್ನು ಒಂದು ಪಾರದರ್ಶಕ ಪ್ಲಾಸ್ಟಿಕ್ ಕವರಿನೊಳಗೆ ಹಾಕಿ ಈ ಕೆಲಸ ಮಾಡುತ್ತೇನೆ. ಕ್ಲಿಪ್ ಸೂಜಿಯ ಯಾವ ಕಚ್ಚಿನಲ್ಲಿತ್ತು ಎಂಬುದನ್ನು ಮೇಲಿನಿಂದ ಎಣಿಸಿ ಮೊದಲೇ ಬರೆದಿಟ್ಟುಕೊಳ್ಳಬೇಕು. ಕ್ಲಿಪ್ಪನ್ನು ಒಂದು ಕಚ್ಚು ಮೇಲೇರಿಸಿದರೆ ಸೂಜಿ ಕೆಳಗಿಳಿದು ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ. ಉಳಿದ ಭಾಗಗಳನ್ನು ಇಡಲು ಅಯಸ್ಕಾಂತದ ತಟ್ಟೆಯನ್ನು ಬಹಳ ಮಂದಿ ಕೊಳ್ಳುತ್ತಾರೆ. ಜೆಟ್‌ಗಳು ಹಿತ್ತಾಳೆಯಾದ್ದರಿಂದ ಅದು ಅವನ್ನು ಹಿಡಿಯದು. ಅಂಚಿರುವ ಸ್ಟೀಲಿನ ಊಟದ ತಟ್ಟೆಯಲ್ಲಿ ಬಿಳಿ ಪಂಚೆಯ ತುಂಡು ಹಾಸಿಕೊಂಡರೆ ಬಿದ್ದದ್ದು ಉರುಳುವುದಿಲ್ಲ, ಕಣ್ಣಿಗೂ ಕಾಣುತ್ತದೆ.

ಅಳೆಯುವ ಹತಾರವಾಗಿ ನನ್ನಲ್ಲಿರುವುದು ಒಂದು ವರ್ನಿಯರ್ ಕ್ಯಾಲಿಪರ್. ಫ್ಲೋಟ್ ಎಷ್ಟು ಎತ್ತರದಲ್ಲಿದ್ದಾಗ ಪೆಟ್ರೋಲ್ ಬರುವುದು ನಿಲ್ಲುತ್ತದೆ ಎಂಬುದು ಇಡೀ ಕಾರ್ಬುರೇಟರಿನ ಲೆಕ್ಕಾಚಾರಕ್ಕೆ ಬುನಾದಿ. ಅದನ್ನು ಗ್ಯಾಸ್ಕೆಟ್ ತೆಗೆದ ಮೇಲ್ಮೈಯಿಂದ ಅಳೆಯಬೇಕು, ಫ್ಲೋಟ್ ವಾಲ್ವಿನ ಸ್ಪ್ರಿಂಗನ್ನು ಅದುಮದಂತೆ ಕಾರ್ಬುರೇಟರನ್ನು ಓರೆಯಾಗಿ ಹಿಡಿದಿರಬೇಕು. ಈ ಕ್ಯಾಲಿಪರ್ ನನಗೆ ದೊರೆತದ್ದು ಕೆ.ಆರ್. ಮಾರುಕಟ್ಟೆಯ ಸುತ್ತ ಭಾನುವಾರಗಳಂದು ನೆಲದ ಮೇಲೆ ಹರಡಿಕೊಳ್ಳುವ ಸಂಡೆ ಬಜಾರಿನಲ್ಲಿ. ಎಚ್ಎಂಟಿ, ಬಿಇಎಲ್, ಐಟಿಐ, ಎಚ್ಎಎಲ್ ಮುಂತಾದ ಕಾರ್ಖಾನೆಗಳನ್ನೂ ಪೀಣ್ಯದ ನೂರಾರು ಸಣ್ಣ ಲೇತ್ ಶೆಡ್ಡುಗಳನ್ನೂ ಸಾಕಿದ ಊರಿದು. ಇಲ್ಲಿನ ಹಳೆಯ ಸಾಮಾನಿನ ರಾಶಿಯಲ್ಲಿ ಒಳ್ಳೆಯ ಅಳತೆಯ ಹತಾರಗಳು ಸಿಗುವುದು ಆಶ್ಚರ್ಯವಲ್ಲ. ಕೊಳ್ಳುವಾಗ ದವಡೆಗಳನ್ನು ಪೂರ್ತಿ ಮುಚ್ಚಿ ಆಕಾಶದತ್ತ ಹಿಡಿದು ನೋಡಬೇಕು. ನಡುವೆ ಬೆಳಕಿನ ಗೆರೆ ಕಂಡರೆ ಕೆಳಗಿಟ್ಟು ಮುಂದೆ ಹೋಗಬೇಕು. ಬೆಳಿಗ್ಗೆ ಬೇಗ ಹೋದವರಿಗೆ ಒಳ್ಳೆಯದು ಸಿಗುತ್ತದೆ.

ಎಲ್ಲವನ್ನೂ ಜೋಡಿಸಿ ಗಾಡಿಗೆ ಏರಿಸಿದ ಮೇಲೆ ಬೇಕಾಗುವುದು ಒಂದು ಗಿಡ್ಡ ಚಪ್ಪಟೆ ಡ್ರೈವರ್. ಐಡಲಿಂಗ್‌ನಲ್ಲಿ ಪೆಟ್ರೋಲಿಗೆ ಬೆರೆಯುವ ಗಾಳಿಯನ್ನು ನಿಯಂತ್ರಿಸುವ ಏರ್ ಸ್ಕ್ರೂವನ್ನು ಹೊಂದಿಸುವಾಗ ಎಂಜಿನ್ ಬಿಸಿಯಾಗಿ ಓಡುತ್ತಿರುತ್ತದೆ, ಜಾಗ ಇಕ್ಕಟ್ಟು, ಉದ್ದನೆಯ ಡ್ರೈವರ್ ಹಿಡಿದರೆ ಬೆರಳಗೆಣ್ಣು ಸಿಲಿಂಡರಿಗೆ ತಾಗುತ್ತದೆ. ಬಿಚ್ಚುವ ಮೊದಲು ಅದನ್ನು ಮೆಲ್ಲಗೆ ತಳಮುಟ್ಟ ತಿರುಗಿಸಿ ಎಷ್ಟು ಸುತ್ತು ಬಂತೆಂದು ಎಣಿಸಿಟ್ಟುಕೊಂಡಿರಬೇಕು. ಬಿಗಿಯಾಗಿ ತಿರುಗಿಸಿದರೆ ಅದರ ಮೊನಚು ತುದಿ ತಾನು ಕೂರುವ ಜಾಗವನ್ನು ಹಿಗ್ಗಿಸುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇಕಡ 8ರಷ್ಟು ಕಡಿಮೆ. ಅಷ್ಟೇ ಪೆಟ್ರೋಲಿಗೆ ಇಲ್ಲಿ ಗಾಳಿ ಕಡಿಮೆ ಸಿಗುವುದರಿಂದ ಮಂಗಳೂರಿನಲ್ಲಿ ಹೊಂದಿಸಿದ ಗಾಡಿ ಇಲ್ಲಿಗೆ ಬಂದಾಗ ತುಸು ಪೆಟ್ರೋಲ್ ಹೆಚ್ಚಾದಂತೆ ನಡೆಯುತ್ತದೆ. ಏರ್ ಸ್ಕ್ರೂವಿನ ಕಾಲು ಸುತ್ತಿಗೂ ಇಲ್ಲಿ ಬೆಲೆಯಿದೆ. ಡ್ರೈವರಿನ ಹಿಡಿಯ ಮೇಲೆ ಬಿಳಿ ಬಣ್ಣದ ಒಂದು ಚುಕ್ಕಿ ಇಟ್ಟುಕೊಂಡರೆ ಎಷ್ಟು ತಿರುಗಿಸಿದೆವೆಂಬುದು ಬಗ್ಗಿ ನೋಡದೆಯೇ ತಿಳಿಯುತ್ತದೆ.

ನಮ್ಮ ಗಾಡಿ ಹೊದಿಕೆಯಡಿ ನಿಂತ ಕೆಲವೇ ದಿನಗಳಲ್ಲಿ, 2020ರ ಏಪ್ರಿಲ್ 1ರಿಂದ, ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್ 6 ನಿಯಮ ಜಾರಿಗೆ ಬಂದು ಹೊಸ ಬೈಕುಗಳಲ್ಲಿ ಬಹುತೇಕ ಎಲ್ಲವೂ ಕಾರ್ಬುರೇಟರ್ ಇಲ್ಲದ ಫ್ಯೂಯಲ್ ಇಂಜೆಕ್ಷನ್‌ಗೆ ಬದಲಾದವು. ಈಗ ಗ್ಯಾರೇಜು ಸೇರುವ ಹುಡುಗರ ಕೈಗೆ ಗಾಡಿಯ ದೋಷ ಓದುವ ಸ್ಕ್ಯಾನರ್ ಬರುತ್ತದೆ, ಜೆಟ್ ಬರುವುದಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಆದರೆ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಈಗ ಶೇಕಡ 20ರವರೆಗೂ ಎಥನಾಲ್ ಇರುತ್ತದೆ, ಎಥನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಬಟ್ಟಲಿನಲ್ಲಿ ಬಿಳಿಯ ಪುಡಿಯೂ ಜೆಟ್‌ನ ಮೇಲೆ ಹಸಿರು ಕಿಲುಬೂ ಮೊದಲಿಗಿಂತ ಹೆಚ್ಚು ಕಾಣುತ್ತಿವೆ. ಹಳೆಯ ಗಾಡಿ ಇಟ್ಟುಕೊಂಡವರು ಕಾರ್ಬುರೇಟರನ್ನು ಇನ್ನು ಮುಂದೆ ಹೆಚ್ಚು ಸಲ ಬಿಚ್ಚಬೇಕಾಗುತ್ತದೆ. ಪ್ರತಿ ಸಲವೂ ಅದೇ ನಾಲ್ಕು ಸ್ಕ್ರೂಗಳನ್ನು ತಿರುಗಿಸಬೇಕು.

ಕಳೆದ ವಾರ ಬಸವನಗುಡಿಯ ಸ್ನೇಹಿತರೊಬ್ಬರು ತಮ್ಮ ತಂದೆಯವರ ಯೆಜ್ದಿಯನ್ನು ಮತ್ತೆ ಓಡಿಸಬೇಕೆಂದು ಕರೆದರು. ಮೈಸೂರಿನ ಯಾದವಗಿರಿಯ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಅದರ ಕಾರ್ಬುರೇಟರ್ ಜಪಾನಿನದಲ್ಲ, ಜೆಕ್ ಮೂಲದ ಜಿಕೋವ್. ಅದರ ಸ್ಕ್ರೂಗಳ ತಲೆಯಲ್ಲಿ ಸ್ಟಾರ್ ಇಲ್ಲ, ಅಗಲವಾದ ಒಂದೇ ಗೀಟು. ನನ್ನಲ್ಲಿರುವ ಯಾವ ಚಪ್ಪಟೆ ತುದಿಯೂ ಅದರಲ್ಲಿ ಅಲ್ಲಾಡದೆ ಕೂರಲಿಲ್ಲವಾದ್ದರಿಂದ ಅಂದು ಕೆಲಸ ಮುಂದುವರಿಸಲಿಲ್ಲ. ಕೈಯಲ್ಲೇ ಸಡಿಲಾಗಿ ಬಂದ ಒಂದು ಸ್ಕ್ರೂವನ್ನು ಅವರಿಂದ ಕೇಳಿ ಪಡೆದು ಬಂದಿದ್ದೇನೆ. ಕಾಗದದಲ್ಲಿ ಮಡಚಿದ ಅದು ಈಗ ನನ್ನ ಅಂಗಿಯ ಜೇಬಿನಲ್ಲಿದೆ, ಶನಿವಾರ ಬೆಳಿಗ್ಗೆ ಎಸ್‌ಜೆಪಿ ರಸ್ತೆಗೆ ಹೋಗಬೇಕು.